ತಾಂತ್ರಿಕ ಶಾಲೆಯೂ ಊರಿನ ಉದ್ದಿಮೆಯೂ

ಇದು ಯಂತ್ರಯುಗವೆಂಬ ಮಾತನ್ನು ತಂಗಡಗಿಯಂತಹ ಹಳ್ಳಿಯವರಿಗೆ ಯಾರೂ ಹೇಳಿಕೊಡಬೇಕಾದುದಿಲ್ಲ. ಕೃಷ್ಣೆಯ ದಂಡೆಯ ಹೊಲಗಳಿಗೆ ನೀರೆತ್ತುವುದು ವಿದ್ಯುತ್ ಮೋಟಾರು; ಹೊಲ ಹದಮಾಡುವುದು ಟ್ರ್ಯಾಕ್ಟರು. ನದಿಯ ಮೇಲ್ಭಾಗದ ಆಲಮಟ್ಟಿಯ ವಿದ್ಯುದಾಗಾರದ ಸಾಮರ್ಥ್ಯ ೨೯೦ ಮೆಗಾವಾಟ್. ಕೂಡಗಿಯ ಶಾಖೋತ್ಪನ್ನ ಕೇಂದ್ರದ್ದು ೨,೪೦೦ ಮೆಗಾವಾಟ್. ಇಷ್ಟೆಲ್ಲ ನಮ್ಮ ಸುತ್ತಲೇ ಇದ್ದರೂ, ಸುಟ್ಟುಹೋದ ಒಂದು ಮೋಟಾರನ್ನು ಬಿಚ್ಚಿ, ಅದು ಏಕೆ ಸುಟ್ಟಿತೆಂದು ಹೇಳಬಲ್ಲ ಹುಡುಗರು ನಮ್ಮ ಪ್ರೌಢಶಾಲೆಗಳಿಂದ ಎಷ್ಟು ಮಂದಿ ಹೊರಬರುತ್ತಿದ್ದಾರೆ? ಹತ್ತನೆಯ ತರಗತಿ ಮುಗಿಸಿದವರು ಬೆಂಗಳೂರು, ಪುಣೆ, ಗೋವೆಗಳಿಗೆ ಕೂಲಿಗಾಗಿ ಹೋಗುವುದನ್ನು ಕಾಣುವಾಗ ಈ ಪ್ರಶ್ನೆ ಮನಸ್ಸನ್ನು ಕೊರೆಯದೆ ಇರದು.

ಸರಕಾರವು ಏನನ್ನೂ ಮಾಡಿಲ್ಲವೆಂದು ನಾನು ಹೇಳಲಾರೆ. ಆಯ್ದ ಸರಕಾರಿ ಪ್ರೌಢಶಾಲೆಗಳಲ್ಲಿ ಒಂಬತ್ತನೆಯ ತರಗತಿಯಿಂದಲೇ ವೃತ್ತಿವಿಷಯಗಳನ್ನು ಕಲಿಸುವ ಏರ್ಪಾಡಾಗಿದೆ. ೨೦೧೬ರಿಂದ ಅಟಲ್ ಟಿಂಕರಿಂಗ್ ಪ್ರಯೋಗಶಾಲೆಗಳಿಗೆ ಶಾಲೆಯೊಂದಕ್ಕೆ ೨೦ ಲಕ್ಷ ರೂಪಾಯಿಗಳವರೆಗೆ ನೆರವು ನಿಗದಿಯಾಯಿತು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು, ಆರರಿಂದ ಎಂಟನೆಯ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಊರಿನ ಬಡಿಗ, ಕುಂಬಾರ, ತೋಟಿಗರ ಬಳಿ ಕಲಿಯಲೆಂದು ಸೂಚಿಸಿದೆ. ಇವೆಲ್ಲ ಮೆಚ್ಚತಕ್ಕ ಮಾತುಗಳೇ. ಆದರೆ ಯಂತ್ರವನ್ನು ತಂದಿಟ್ಟ ಮಾತ್ರಕ್ಕೆ ವಿದ್ಯೆ ಬರುವುದಿಲ್ಲ. ಆ ಯಂತ್ರದೊಡನೆ ದಿನನಿತ್ಯ ಬದುಕುವವರು ಶಾಲೆಯ ಹೊರಗಿದ್ದಾರೆ. ಅವರನ್ನು ಒಳಗೆ ಕರೆದು ತರುವ ದಾರಿಯನ್ನು ನಾವು ಇನ್ನೂ ಕಂಡುಕೊಳ್ಳಬೇಕಾಗಿದೆ.

ಅಮೇರಿಕೆಯ ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಭಾಗದಲ್ಲಿ ೨೦೧೧ರಲ್ಲಿ ‘ಪಿ-ಟೆಕ್’ ಎಂಬ ಸಾರ್ವಜನಿಕ ಪ್ರೌಢಶಾಲೆಯೊಂದು ಪ್ರಾರಂಭವಾಯಿತು. ನಗರದ ಶಿಕ್ಷಣ ಇಲಾಖೆ, ಅಲ್ಲಿಯ ನಗರ ವಿಶ್ವವಿದ್ಯಾಲಯ, ಐ.ಬಿ.ಎಂ. ಕಂಪನಿ, ಈ ಮೂವರೂ ಕೂಡಿ ಅದನ್ನು ಕಟ್ಟಿದರು. ಪ್ರವೇಶ ಪರೀಕ್ಷೆಯಿಲ್ಲದೆ ಮಕ್ಕಳನ್ನು ಸೇರಿಸಿಕೊಂಡು, ಒಂಬತ್ತನೆಯ ತರಗತಿಯಿಂದ ಆರು ವರ್ಷಗಳೊಳಗೆ ಪ್ರೌಢಶಾಲೆಯ ಪ್ರಮಾಣಪತ್ರದ ಜೊತೆಗೆ ಎರಡು ವರ್ಷದ ಕಾಲೇಜು ಪದವಿಯನ್ನೂ ಶುಲ್ಕವಿಲ್ಲದೆ ಪಡೆಯುವ ಅನುಕೂಲ ಮಾಡಿದರು. ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಕಂಪನಿಯು ಬರಿಯ ಹಣವನ್ನಲ್ಲ, ತನ್ನ ನೌಕರರ ಸಮಯವನ್ನು ಕೊಟ್ಟಿತು. ಅವರು ಮಕ್ಕಳಿಗೆ ಮಾರ್ಗದರ್ಶಕರಾದರು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಐ.ಬಿ.ಎಂ. ಎಲ್ಲಿದೆ ಎಂದು ಯಾರಾದರೂ ನಕ್ಕಾರು. ನಮ್ಮಲ್ಲಿ ಮೋಟಾರು ಸುತ್ತುವವರಿದ್ದಾರೆ, ಟ್ರ್ಯಾಕ್ಟರು ದುರಸ್ತಿಯವರಿದ್ದಾರೆ, ವೆಲ್ಡಿಂಗಿನವರು, ಹನಿ ನೀರಾವರಿಯ ಕೊಳವೆ ಜೋಡಿಸುವವರು, ಮೊಬೈಲು ರಿಪೇರಿಯವರು ಇದ್ದಾರೆ. ಇವರು ಸಣ್ಣವರೆಂದು ಕಡೆಗಣಿಸಬಾರದು. ಮೂರು ಫೇಜುಗಳಲ್ಲಿ ಒಂದು ಹೋದರೆ ಉಳಿದೆರಡರ ಮೇಲೆ ಭಾರ ಬಿದ್ದು ಸುರುಳಿ ಕಾಯ್ದು ಸುಡುತ್ತದೆ. ಇದನ್ನು ವಿಜ್ಞಾನದ ಮಾಸ್ತರರು ಹಲಗೆಯ ಮೇಲೆ ಬರೆದು ವಿವರಿಸಬಲ್ಲರು. ಸುಟ್ಟ ತಂತಿಯನ್ನು ಕಿತ್ತು, ಸುತ್ತುಗಳನ್ನು ಎಣಿಸಿ, ಅದೇ ದಪ್ಪದ ತಂತಿಯನ್ನು ಆರಿಸಿ, ಮತ್ತೆ ಸುತ್ತಿ, ಮೋಟಾರನ್ನು ನಡೆಯಿಸಿ ತೋರಿಸಬಲ್ಲವನು ಅಂಗಡಿಯ ಕೆಲಸಗಾರ. ಒಬ್ಬರಲ್ಲಿ ಕಾರಣವಿದೆ, ಇನ್ನೊಬ್ಬರಲ್ಲಿ ಕೈಯಿದೆ. ಈ ಎರಡೂ ಒಂದೇ ಮಗುವಿಗೆ ದೊರೆತಾಗ ಮಾತ್ರ ಅದನ್ನು ತಾಂತ್ರಿಕ ಶಿಕ್ಷಣವೆನ್ನಬಹುದು. ದೊಡ್ಡ ಕಂಪನಿಗಳ ಪಾಲೂ ಇಲ್ಲದಿಲ್ಲ. ೨೦೧೩ರ ಕಂಪನಿ ಕಾಯಿದೆಯು ದೊಡ್ಡ ಕಂಪನಿಗಳು ತಮ್ಮ ಸರಾಸರಿ ಲಾಭದ ಶೇಕಡಾ ೨ನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸಬೇಕೆಂದೂ, ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ವಿಧಿಸಿದೆ. ಆ ಹಣದಿಂದ ಹೆಸರು ಬರೆಸಿದ ಬೆಂಚುಗಳು ಬರುವುದಕ್ಕಿಂತ, ಸಣ್ಣ ಅಂಗಡಿಕಾರನು ಶಾಲೆಗೆ ಕೊಡುವ ಹೊತ್ತಿಗೆ ಸಂಭಾವನೆ ಬರುವುದು ಮೇಲು.

ಇಲ್ಲಿ ಒಂದು ಆಕ್ಷೇಪಣೆಯನ್ನು ಎದುರಿಸಲೇಬೇಕು. ೧೯೫೩ರಲ್ಲಿ ಮದರಾಸಿನ ಮುಖ್ಯಮಂತ್ರಿಗಳಾಗಿದ್ದ ರಾಜಾಜಿಯವರು ಪ್ರಾಥಮಿಕ ಶಾಲೆಯ ವೇಳೆಯನ್ನು ಕಡಿಮೆಮಾಡಿ, ಉಳಿದ ಹೊತ್ತು ಮಕ್ಕಳು ಮನೆತನದ ಕಸುಬನ್ನು ಕಲಿಯಲೆಂದು ಯೋಜನೆ ತಂದರು. ಅದು ಕುಲಕಸುಬಿನ ಶಿಕ್ಷಣವೆಂದು ಜನ ತೀವ್ರವಾಗಿ ವಿರೋಧಿಸಿದರು. ೧೯೫೪ರಲ್ಲಿ ಅದು ರದ್ದಾಯಿತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗನಾದ ನಾನು ಆ ವಿರೋಧದ ನ್ಯಾಯವನ್ನು ಚೆನ್ನಾಗಿ ಬಲ್ಲೆ. ಬಡವರ ಮಕ್ಕಳಿಗೆ ಸುತ್ತಿಗೆ, ಉಳ್ಳವರ ಮಕ್ಕಳಿಗೆ ಪುಸ್ತಕ ಎಂದಾಗುವುದಾದರೆ ಈ ಸಹಕಾರವೇ ಬೇಡ.

ಆದುದರಿಂದ ಕೆಲವು ಕಟ್ಟುಪಾಡುಗಳು ಅವಶ್ಯ. ಲಗಾಮು ಶಾಲೆಯ ಕೈಯಲ್ಲಿರಬೇಕು. ಅಂಗಡಿಗೆ ಹೋದ ವಿದ್ಯಾರ್ಥಿ ಚಹಾ ತರುವ, ಕಸಗುಡಿಸುವ ಆಳಾಗಬಾರದು. ಏನನ್ನು ಕಲಿತನೆಂಬುದನ್ನು ಮಾಸ್ತರರು ವಾರಕ್ಕೊಮ್ಮೆ ನೋಡಬೇಕು. ಹದಿನಾಲ್ಕರೊಳಗಿನ ಮಕ್ಕಳನ್ನು ದುಡಿಸುವುದನ್ನೂ, ಹದಿನೆಂಟರೊಳಗಿನವರನ್ನು ಅಪಾಯದ ಕೆಲಸಕ್ಕೆ ಹಚ್ಚುವುದನ್ನೂ ಕಾನೂನು ನಿಷೇಧಿಸಿದೆ. ಅದನ್ನು ಅಕ್ಷರಶಃ ಪಾಲಿಸಬೇಕು. ಎಲ್ಲ ಮನೆತನದ ಮಕ್ಕಳೂ ಎಲ್ಲ ಕಸುಬುಗಳನ್ನು ಸರದಿಯಂತೆ ಕಾಣಬೇಕು. ಹುಡುಗಿಯರನ್ನು ಹೊಲಿಗೆಗೆ ಮಾತ್ರ ಕಳಿಸದೆ ಮೋಟಾರಿನ ಮುಂದೆಯೂ ಕೂಡಿಸಬೇಕು. ಮುಂದೆ ಕಾಲೇಜಿಗೆ ಹೋಗುವ ಬಾಗಿಲು ಯಾರಿಗೂ ಮುಚ್ಚಕೂಡದು.

ಕೈಕೆಲಸಕ್ಕೂ ವಿದ್ಯೆಗೂ ಇರುವ ನಂಟು ನಮ್ಮ ನೆಲಕ್ಕೆ ಹೊಸದಲ್ಲ. ತಂಗಡಗಿಯಲ್ಲಿ ಐಕ್ಯರಾದರೆಂದು ನಂಬಲಾದ ಹಡಪದ ಅಪ್ಪಣ್ಣನವರೂ, ಅಂಬಿಗರ ಚೌಡಯ್ಯನವರೂ, ಮೇದಾರ ಕೇತಯ್ಯನವರೂ ಹನ್ನೆರಡನೆಯ ಶತಮಾನದಲ್ಲಿ ಕಾಯಕವನ್ನು ಮಾಡುತ್ತಲೇ ವಚನಕಾರರಾದವರು. ಕಸುಬು ಅವರ ವಿಚಾರಕ್ಕೆ ಅಡ್ಡಿಯಾಗಲಿಲ್ಲ.

ಕಲಾ ವಿಭಾಗದವರಾದ ನಮಗೆ ಇದರಲ್ಲಿ ಏನು ಕೆಲಸವೆಂದು ಮಿತ್ರರು ಕೇಳಬಹುದು. ಅರ್ಥಶಾಸ್ತ್ರ, ಸಮಾಜಶಾಸ್ತ್ರಗಳನ್ನು ಓದುವ ನಾವು ಒಂದು ರಜೆಯಲ್ಲಿ ನಮ್ಮ ನಮ್ಮ ಊರಿನ ಉದ್ಯೋಗಶಾಲೆಗಳ ಪಟ್ಟಿಯನ್ನು ಮಾಡಿ, ಕಲಿಸಲು ಒಪ್ಪುವವರ ಹೆಸರನ್ನು ಹತ್ತಿರದ ಪ್ರೌಢಶಾಲೆಯ ಮುಖ್ಯಾಧ್ಯಾಪಕರಿಗೆ ಕೊಡಬಹುದು. ಗುರುಗಳು ಮುಂದೆ ನಿಂತರೆ ಬರುವ ಬೇಸಿಗೆಯಲ್ಲಿಯೇ ಈ ಕೆಲಸವನ್ನು ಪ್ರಾರಂಭಿಸಬಹುದಾಗಿದೆ.