ಹೆಸರು ಕೆತ್ತಿಸದ ದಾನಿ



ಪ್ರತಿ ವರ್ಷ ವಿಭೂತಿ ಬುಧವಾರದಂದು ಹಣೆಗೆ ಬೂದಿ ಹಚ್ಚಿಸಿಕೊಳ್ಳುವ ಮುನ್ನ ನಾವು ಆಲಿಸುವ ಶುಭಸಂದೇಶ ಸಂತ ಮತ್ತಾಯನ 6ನೇ ಅಧ್ಯಾಯದ್ದು. ದಾನ, ಪ್ರಾರ್ಥನೆ, ಉಪವಾಸ ಈ ಮೂರನ್ನೂ ಜನರ ಮೆಚ್ಚುಗೆಗಾಗಿ ಮಾಡಬೇಡಿ ಎಂದು ಯೇಸುಸ್ವಾಮಿ ಅಲ್ಲಿ ಎಚ್ಚರಿಸುತ್ತಾರೆ. ಕೋಣೆಯ ಬಾಗಿಲು ಮುಚ್ಚಿ ಪ್ರಾರ್ಥಿಸಬಹುದು. ಯಾರಿಗೂ ಹೇಳದೆ ಉಪವಾಸ ಇರಬಹುದು. ಆದರೆ ದಾನವನ್ನು, ಅದೂ ದೊಡ್ಡ ಮೊತ್ತದ ದಾನವನ್ನು, ಗುಟ್ಟಾಗಿ ಇಡುವುದು ಸಾಧ್ಯವೇ? ಸಾಧ್ಯವೆಂದು ತೋರಿಸಿದ ಒಬ್ಬ ವ್ಯಾಪಾರಿಯ ಬಾಳನ್ನು ಈ ಸಲ ನೆನೆಯೋಣ.

ಅವರ ಹೆಸರು ಚಕ್ ಫೀನಿ. 1931ರ ಏಪ್ರಿಲ್ 23ರಂದು ಅಮೆರಿಕದ ನ್ಯೂಜೆರ್ಸಿ ರಾಜ್ಯದ ಎಲಿಜಬೆತ್ ಪಟ್ಟಣದಲ್ಲಿ, ಐರಿಷ್ ಮೂಲದ ಕಥೋಲಿಕ ಕುಟುಂಬದಲ್ಲಿ ಹುಟ್ಟಿದರು. ಆಗ ಅಲ್ಲಿ ಕೆಲಸವಿಲ್ಲದ, ಕಾಸಿಗೆ ಪರದಾಡುವ ದಿನಗಳು. ತಾಯಿ ದಾದಿ, ತಂದೆ ವಿಮಾ ಕಂಪನಿಯ ನೌಕರ. ನೆರೆಯವರೊಬ್ಬರಿಗೆ ನರಗಳ ಕಾಯಿಲೆಯಿಂದ ನಡೆಯುವುದು ಕಷ್ಟವಾಗಿತ್ತು. ಅವರು ಬಸ್ಸಿಗೆಂದು ಹೊರಟದ್ದು ಕಂಡರೆ ಈ ತಾಯಿ ಕಾರು ತೆಗೆದು, ತನಗೂ ಅದೇ ದಾರಿಯಲ್ಲಿ ಏನೋ ಕೆಲಸವಿದೆ ಎಂದು ನಟಿಸಿ, ಅವರನ್ನು ಹತ್ತಿಸಿಕೊಳ್ಳುತ್ತಿದ್ದರಂತೆ. ಮಗನ ಮುಂದಿನ ಬಾಳಿಗೆಲ್ಲ ಇದೇ ಮೊದಲ ಪಾಠವಾಗಿರಬೇಕು.

ಫೀನಿ ಅಮೆರಿಕದ ವಾಯುಪಡೆಯಲ್ಲಿ ಸೇವೆ ಸಲ್ಲಿಸಿದರು. ಮಾಜಿ ಸೈನಿಕರಿಗೆ ಸಿಗುವ ಸರ್ಕಾರದ ನೆರವಿನಿಂದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಹೋಟೆಲ್ ಆಡಳಿತ ಓದಿದರು. ಓದುವಾಗ ಸಹಪಾಠಿಗಳಿಗೆ ಸ್ಯಾಂಡ್‌ವಿಚ್ ಮಾರಿ ಖರ್ಚು ನಿಭಾಯಿಸಿದರು. ಆಮೇಲೆ ರಾಬರ್ಟ್ ಮಿಲ್ಲರ್ ಎಂಬ ಜೊತೆಗಾರನೊಡನೆ, ಪ್ರವಾಸಿಗರಿಗೆ ಸುಂಕವಿಲ್ಲದೆ ಸರಕು ಮಾರುವ 'ಡ್ಯೂಟಿ ಫ್ರೀ' ಅಂಗಡಿಗಳ ವ್ಯಾಪಾರ ಕಟ್ಟಿದರು. ಹಾಂಗ್‌ಕಾಂಗ್, ಹೊನೊಲುಲು ಮುಂತಾದೆಡೆ ಅಂಗಡಿಗಳು ಬೆಳೆದವು. 1964ರಲ್ಲಿ ಜಪಾನ್ ತನ್ನ ಜನರ ವಿದೇಶ ಪ್ರವಾಸದ ಮೇಲಿನ ನಿರ್ಬಂಧ ಸಡಿಲಿಸಿದ ಮೇಲಂತೂ ಹಣದ ಹೊಳೆಯೇ ಹರಿಯಿತು.

ಕೆಲಕಾಲ ಅವರೂ ದೊಡ್ಡ ಮನೆ, ಔತಣ ಎಂದು ಸಿರಿವಂತರಂತೆ ಬಾಳಿದರು. ಆದರೆ ಮನಸ್ಸು ಅದಕ್ಕೆ ಒಗ್ಗಲಿಲ್ಲ. 1982ರಲ್ಲಿ ಬರ್ಮುಡಾ ದ್ವೀಪದಲ್ಲಿ ಒಂದು ದತ್ತಿ ಸಂಸ್ಥೆ ಸ್ಥಾಪಿಸಿದರು. ಅಲ್ಲಾದರೆ ದಾನದ ಲೆಕ್ಕವನ್ನು ಸಾರ್ವಜನಿಕವಾಗಿ ಪ್ರಕಟಿಸಬೇಕಿರಲಿಲ್ಲ. 1984ರಲ್ಲಿ ಕಂಪನಿಯಲ್ಲಿದ್ದ ತಮ್ಮ ಇಡೀ ಪಾಲನ್ನು ಅದಕ್ಕೆ ಬರೆದುಕೊಟ್ಟರು. ಇದನ್ನರಿಯದ 'ಫೋರ್ಬ್ಸ್' ಪತ್ರಿಕೆ 1988ರಲ್ಲಿ ಅವರನ್ನು ಅಮೆರಿಕದ ಅತಿ ಶ್ರೀಮಂತರ ಪಟ್ಟಿಗೆ ಸೇರಿಸಿತು! ಕೊಟ್ಟ ಹಣದಿಂದ ಎದ್ದ ಕಟ್ಟಡಗಳ ಮೇಲೆ ಅವರ ಹೆಸರಿಲ್ಲ. ಪಡೆದವರಿಗೇ ಎಷ್ಟೋ ಸಲ ಹಣ ಯಾರದೆಂದು ತಿಳಿದಿರಲಿಲ್ಲ. ಕಂಪನಿಯ ಮಾರಾಟದಿಂದಾಗಿ ಇನ್ನು ಗುಟ್ಟು ಉಳಿಯದೆಂದು ಕಂಡಾಗ, 1997ರಲ್ಲಿ, ಅವರೇ ವಿಷಯವನ್ನು ಹೊರಗೆ ಹೇಳಿದರು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಅದೇ ಮತ್ತಾಯನ 5ನೇ ಅಧ್ಯಾಯದಲ್ಲಿ ನಮ್ಮ ಸತ್ಕಾರ್ಯಗಳ ಬೆಳಕು ಜನರಿಗೆ ಕಾಣಲಿ ಎಂಬ ಬೋಧನೆಯಿದೆ. ಹಾಗಾದರೆ ಕಾಣಬೇಕೇ, ಕಾಣಬಾರದೇ? ಫೀನಿಯವರ ಬಾಳಿನಲ್ಲಿ ಎರಡೂ ಇವೆ. ಮೊದಲು ಬಚ್ಚಿಟ್ಟು ಕೊಟ್ಟರು. ವಯಸ್ಸಾದ ಮೇಲೆ ತಮ್ಮ ಜೀವನಚರಿತ್ರೆ ಬರೆಯಲು ಪತ್ರಕರ್ತರೊಬ್ಬರಿಗೆ ಒಪ್ಪಿಗೆ ಕೊಟ್ಟರು. ಅದು 2007ರಲ್ಲಿ ಹೊರಬಂತು. ಬದುಕಿರುವಾಗಲೇ ಕೊಡಿ ಎಂದು ಇತರ ಸಿರಿವಂತರನ್ನು ಹುರಿದುಂಬಿಸುವುದೇ ಉದ್ದೇಶ. ಮರೆಮಾಡಿದ್ದೂ ತಮಗಾಗಿ ಅಲ್ಲ, ಬೆಳಕಿಗೆ ಬಂದದ್ದೂ ತಮಗಾಗಿ ಅಲ್ಲ. ಎರಡು ಅಧ್ಯಾಯಗಳು ಕೂಡುವುದು ಇಲ್ಲಿಯೇ ಎಂದು ನನಗೆ ತೋರುತ್ತದೆ.

ಅವರ ಸಂಸ್ಥೆ ಒಟ್ಟು 800 ಕೋಟಿ ಡಾಲರಿಗೂ ಹೆಚ್ಚು ಹಣ ಹಂಚಿತು. ಐರ್ಲೆಂಡಿನ ವಿಶ್ವವಿದ್ಯಾಲಯಗಳು, ಉತ್ತರ ಐರ್ಲೆಂಡಿನ ಶಾಂತಿಯತ್ನ, ವಿಯೆಟ್ನಾಮಿನ ಆಸ್ಪತ್ರೆಗಳು, ದಕ್ಷಿಣ ಆಫ್ರಿಕಾ, ಕ್ಯೂಬಾ, ಆಸ್ಟ್ರೇಲಿಯಾ ಹೀಗೆ ಎಲ್ಲೆಲ್ಲಿಗೋ ಅದು ತಲುಪಿತು. ದಾನಿ ಮಾತ್ರ ಸಾನ್ ಫ್ರಾನ್ಸಿಸ್ಕೊದಲ್ಲಿ ಬಾಡಿಗೆ ಮನೆಯಲ್ಲಿದ್ದರು. ಕೈಯಲ್ಲಿ ಅಗ್ಗದ ಗಡಿಯಾರ. ವಿಮಾನದಲ್ಲಿ ಸಾಮಾನ್ಯ ದರ್ಜೆಯ ಪ್ರಯಾಣ. ಹಣವೆಲ್ಲ ಮುಗಿದು 2020ರಲ್ಲಿ ಸಂಸ್ಥೆ ಬಾಗಿಲು ಮುಚ್ಚಿತು. ಅಂದುಕೊಂಡದ್ದು ಕಣ್ಣೆದುರೇ ಪೂರ್ಣವಾದುದನ್ನು ಕಂಡು, 2023ರ ಅಕ್ಟೋಬರ್ 9ರಂದು, 92ನೇ ವಯಸ್ಸಿನಲ್ಲಿ ಅವರು ಕಣ್ಮುಚ್ಚಿದರು.

ನಮ್ಮ ದೇವಾಲಯಗಳಲ್ಲಿ ಬೆಂಚು, ಫ್ಯಾನು, ಗೋಡೆಯ ಗಡಿಯಾರದ ಮೇಲೆ ದಾನಿಗಳ ಹೆಸರುಗಳಿರುತ್ತವೆ. ಅಗಲಿದ ತಂದೆತಾಯಿಯರ ಹೆಸರು ಅಲ್ಲಿದ್ದರೆ ಅದನ್ನು ನೋಡಿ ನಾವು ಅವರ ಆತ್ಮಕ್ಕಾಗಿ ಪ್ರಾರ್ಥಿಸಬಹುದು. ಅದು ತಪ್ಪಲ್ಲ. ಆದರೆ ಪಕ್ಕದ ಮನೆಯ ಮಗುವಿನ ಶಾಲಾ ಶುಲ್ಕ ಕಟ್ಟಿದಾಗ ಹೆಸರು ಬರೆಸಲು ಫಲಕವಿಲ್ಲ. ಆಗಲೂ ನಮ್ಮ ಕೈ ಮುಂದೆ ಬರುತ್ತದೆಯೇ? ಸಂತ ವಿನ್ಸೆಂಟ್ ದೇ ಪಾವ್ಲ್ ಸಭೆಯ ಕೂಟಗಳಲ್ಲಿ ಚೀಲವೊಂದು ಕೈಯಿಂದ ಕೈಗೆ ಹೋಗುತ್ತದೆ. ಅದರಲ್ಲಿ ಯಾರು ಎಷ್ಟು ಹಾಕಿದರೆಂದು ಯಾರಿಗೂ ತಿಳಿಯದು. ಕೋಟಿಗಳ ಫೀನಿಯವರಿಗೂ ಹತ್ತು ರೂಪಾಯಿಯ ನಮಗೂ ದಾರಿ ಒಂದೇ.

ಕೊಡುವುದಕ್ಕಿಂತ ಕಷ್ಟವಾದದ್ದು, ಪಡೆಯುವವರ ತಲೆ ತಗ್ಗದಂತೆ ಕೊಡುವುದು. ಆ ತಾಯಿ ಕಾರಿನ ಬಾಗಿಲು ತೆರೆದಾಗ ನೆರೆಯವರಿಗೆ ಸಿಕ್ಕಿದ್ದು ಬರೀ ಸವಾರಿಯಲ್ಲ, ಮರ್ಯಾದೆ. ಈ ವಾರ ಊಟಕ್ಕೆ ಕುಳಿತಾಗ ಮಕ್ಕಳೊಡನೆ ಇದನ್ನು ಮಾತಾಡಿ: ನಮ್ಮ ಬೀದಿಯಲ್ಲಿ ಬಸ್ಸಿಗೆ ಕಷ್ಟಪಟ್ಟು ನಡೆಯುತ್ತಿರುವವರು ಯಾರು? ಅವರ ದಾರಿಯಲ್ಲಿ ನಮಗೇನಾದರೂ ಕೆಲಸವಿದೆಯೇ?