ಗುಂಡು ತುಂಬುವ ವಿದ್ಯೆ

ಊರಿನಿಂದ ಬಂದ ನೆಂಟರಿಗೆ ತುಘಲಕಾಬಾದಿನ ಹಾಳು ಕೋಟೆಯನ್ನು ತೋರಿಸುವ ದೆಹಲಿ ಕನ್ನಡಿಗರು ಅದೇ ಭಾಗದಲ್ಲಿರುವ ಡಾ. ಕರ್ಣಿ ಸಿಂಗ್ ಶೂಟಿಂಗ್ ರೇಂಜಿನತ್ತ ತಲೆಹಾಕುವುದು ಅಪರೂಪ. 1982ರ ಏಷ್ಯನ್ ಕ್ರೀಡಾಕೂಟಕ್ಕಾಗಿ ಸಿದ್ಧವಾದ ತಾಣವದು. ಮೊಮ್ಮಗಳು ಪಿಸ್ತೂಲು ಕಲಿಯುತ್ತೇನೆಂದು ಹಟ ಹಿಡಿಯುವ ತನಕ ನಾನೂ ಅತ್ತ ಹೋದವನಲ್ಲ.

ಮೊದಲು ಆಕೆಯನ್ನು ಸೇರಿಸಿದ್ದು ಮನೆಗೆ ಹತ್ತಿರದ ನೆಲಮಾಳಿಗೆಯೊಂದರ ತರಬೇತಿ ಕೇಂದ್ರಕ್ಕೆ. ಅಲ್ಲಿನ ಶಿಕ್ಷಕರು ತಾವೇ ಗುಂಡು ತುಂಬಿ ಪಿಸ್ತೂಲನ್ನು ಮಕ್ಕಳ ಕೈಗೆ ಕೊಡುತ್ತಿದ್ದರು. ಏಕೆಂದು ಕೇಳಿದರೆ, ಸಮಯ ಉಳಿಯುತ್ತದೆ, ಮಕ್ಕಳಿಗೆ ಗುರಿಯೇ ಮುಖ್ಯ ಎಂದರು. ಈ ಮಾತನ್ನು ನಾನು ಒಪ್ಪಲಾರೆ.

ಹತ್ತು ಮೀಟರಿನ ಏರ್ ಪಿಸ್ತೂಲು ಸ್ಪರ್ಧೆಯ ಅರ್ಹತಾ ಸುತ್ತಿನಲ್ಲಿ 75 ನಿಮಿಷಗಳಲ್ಲಿ 60 ಗುಂಡು ಹಾರಿಸಬೇಕು. ಒಂದೊಂದನ್ನೂ ಬೇರೆಯಾಗಿ ತುಂಬಬೇಕು. ಅಂದರೆ ಅರುವತ್ತು ಬಾರಿ ಕೈ ಇಳಿಯುತ್ತದೆ, ಕಣ್ಣು ಗುರಿಯನ್ನು ಬಿಡುತ್ತದೆ, ಉಸಿರು ಹೊಸದಾಗಿ ಕಟ್ಟಿಕೊಳ್ಳಬೇಕಾಗುತ್ತದೆ. ಅಷ್ಟು ಬಾರಿಯೂ ನಳಿಗೆಯ ಮೂತಿ ಮಾತ್ರ ಗುರಿಯ ಕಡೆಗೇ ಇರಬೇಕು. ಇಪ್ಪತ್ತೈದು ಮೀಟರಿನ ಸ್ಪರ್ಧೆಯಲ್ಲಿ ಅಧಿಕಾರಿಯ ಆಜ್ಞೆಯಾಗದೆ ಮ್ಯಾಗಜೀನಿಗೆ ಕೈ ಹಾಕುವಂತಿಲ್ಲ. ತುಂಬುವುದೂ ಐದೇ ಗುಂಡು. ಪಿಸ್ತೂಲು ಕೈಕೊಟ್ಟರೆ ಮೂತಿಯನ್ನು ಗುರಿಯತ್ತಲೇ ಹಿಡಿದು ಇನ್ನೊಂದು ಕೈಯನ್ನು ಎತ್ತಬೇಕು. ದೂರು ಹೇಳಲೆಂದು ಪಿಸ್ತೂಲಿನೊಡನೆ ಹಿಂದಿರುಗಿ ನಿಲ್ಲುವ ಮಗುವಿಗಿಂತ ದೊಡ್ಡ ಅಪಾಯ ಮತ್ತೊಂದಿಲ್ಲ. ಇದನ್ನೆಲ್ಲ ಶಿಕ್ಷಕರೇ ಮಾಡಿಕೊಟ್ಟರೆ ಮಗು ಕಲಿತದ್ದಾದರೂ ಏನು?

ನಮ್ಮ ರಾಜಧಾನಿಗೆ ಹತ್ತಿರದ ಝಜ್ಜರ್ ಜಿಲ್ಲೆಯ ಮನು ಭಾಕರ್, 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನ ನಡುವೆ ಪಿಸ್ತೂಲು ಕೆಟ್ಟು ಅಮೂಲ್ಯ ನಿಮಿಷಗಳನ್ನು ಕಳೆದುಕೊಂಡರು. ಎರಡು ಅಂಕಗಳಿಂದ ಫೈನಲ್ ತಪ್ಪಿತು. ಯಂತ್ರ ಕೆಟ್ಟದ್ದು ಅವರ ತಪ್ಪಲ್ಲ, ಯಾವ ತರಬೇತಿಯೂ ಅದನ್ನು ತಡೆಯಲಾರದು. ಆದರೂ ಉಳಿದ ಅಲ್ಪ ಸಮಯದಲ್ಲಿ 575 ಅಂಕ ತಲುಪಿದ್ದು ಕೈಗೆ ತುಂಬುವ ಲಯ ಒಗ್ಗಿದ್ದರಿಂದಲೇ ಎಂಬುದು ನನ್ನ ಎಣಿಕೆ. 2024ರ ಪ್ಯಾರಿಸಿನ ಎರಡು ಕಂಚಿನ ಪದಕಗಳನ್ನಷ್ಟೇ ನಮ್ಮ ಪೋಷಕರು ನೆನೆಯುತ್ತಾರೆ.

ಕೋವಿಯೆಂದರೆ ಹೆದರುವ ಸಂಸ್ಕೃತಿಯೇನೂ ನಮ್ಮದಲ್ಲ. ಕೊಡಗಿನ ಮಿತ್ರರೊಬ್ಬರ ಮನೆಯಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ಹೂ ಮುಡಿಸಿ ಪೂಜಿಸುವುದನ್ನು ಕಂಡಿದ್ದೇನೆ. ಅದನ್ನು ನನ್ನ ಕೈಗೆ ಕೊಡುವ ಮುನ್ನ ಮಿತ್ರರ ತಂದೆಯವರು ಮಡಚಿ ತೆರೆದು, ಖಾಲಿ ನಳಿಗೆಯಲ್ಲಿ ಬೆಳಕು ಹಾಯುವುದನ್ನು ತೋರಿಸಿದರು. ಬಾಯಿಮಾತಿನಲ್ಲಿ ಖಾಲಿಯಿದೆ ಎನ್ನಲಿಲ್ಲ.

ಗ್ಲಾಸ್ಗೋದಲ್ಲಿ 2014ರಲ್ಲಿ ಬೆಳ್ಳಿ ಗೆದ್ದ ಬೆಂಗಳೂರಿನ ಪ್ರಕಾಶ್ ನಂಜಪ್ಪನವರ ಹೆಸರು ಹೇಳಿ ಮಕ್ಕಳನ್ನು ಸೇರಿಸಲು ಹೊರಟಿರುವ ನಮ್ಮ ಸಂಘದ ಬಂಧುಗಳಲ್ಲಿ ನನ್ನದೊಂದು ವಿನಂತಿ. ಶುಲ್ಕವೆಷ್ಟು, ಪಿಸ್ತೂಲು ಯಾವ ದೇಶದ್ದು ಎಂದು ಕೇಳುವ ಮೊದಲು, ತುಂಬುವುದನ್ನೂ ಖಾಲಿ ಮಾಡುವುದನ್ನೂ ಯಾರು ಕಲಿಸುತ್ತಾರೆ, ಎಷ್ಟು ದಿನ ಕಲಿಸುತ್ತಾರೆ ಎಂದು ಕೇಳಿರಿ. ಉತ್ತರ ತಡವರಿಸಿದರೆ ಹಿಂದಿರುಗಿ ಬನ್ನಿರಿ.

ಮೊಮ್ಮಗಳನ್ನು ಬೇರೆ ಕಡೆ ಸೇರಿಸಿದ್ದೇನೆ. ಮೊದಲ ಎರಡು ವಾರ ಆಕೆ ಒಂದು ಗುಂಡನ್ನೂ ಹಾರಿಸಲಿಲ್ಲ; ಅಜ್ಜನ ಮೇಲೆ ಆ ಕೋಪ ಇನ್ನೂ ಇಳಿದಿಲ್ಲ.