ದೇವರ ಮೇಲಿನ ಭಾರ, ನಮ್ಮ ಮೇಲಿನ ಭಾರ

ಪುಣೆಯ ಅಂಚಿನ ಕೊಂಢವಾ ಒಂದು ಕಾಲಕ್ಕೆ ಹೊಲಮನೆಗಳ ಹಳ್ಳಿ. ಇಂದು ಅಲ್ಲಿ ಮುಗಿಲೆತ್ತರದ ಕಟ್ಟಡಗಳು ಎದ್ದಿವೆ. ಅವುಗಳ ಬುಡದಲ್ಲಿಯೇ ತಗಡಿನ ಖೋಲಿಗಳೂ ಇವೆ. ಕಲಬುರ್ಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಿಂದ ಹೊಟ್ಟೆಪಾಡಿಗಾಗಿ ಪುಣೆಗೆ ಬಂದ ನಮ್ಮ ಜನ ಇಂಥ ಖೋಲಿಗಳಲ್ಲಿ ಸಂಸಾರ ಹೂಡಿದ್ದಾರೆ. ಅವರಲ್ಲಿ ಗೌಂಡಿಗಳಿದ್ದಾರೆ, ಬಿಗಾರಿಗಳಿದ್ದಾರೆ, ಠೇಕೆದಾರನ ಕೈಕೆಳಗೆ ಕಾರಖಾನೆಯಲ್ಲಿ ದುಡಿಯುವವರಿದ್ದಾರೆ. ಅವರ ಮನೆಗಳಲ್ಲಿ ಮತ್ತೆ ಮತ್ತೆ ಕಂಡುಬರುವ ಒಂದು ಸಂಕಟವನ್ನು ಕುರಿತು ಈ ಸಲ ನಾಲ್ಕು ಮಾತು ಹೇಳಬಯಸುತ್ತೇವೆ.

ಕೂಸಿಗೆ ವಾರಗಟ್ಟಲೆ ಕೆಮ್ಮು, ಸಂಜೆಯಾದರೆ ಮೈಬಿಸಿ. ದಿನದಿಂದ ದಿನಕ್ಕೆ ಇಳಿಯುತ್ತಿರುವ ತೂಕ. ಅದನ್ನು ಹೊತ್ತು ದವಾಖಾನೆಗೆ ತಿರುಗಿದ ತಂದೆಗೆ ನಾಲ್ಕು ದಿನ ಕೆಲಸ ತಪ್ಪುವದು. ಐದನೆಯ ದಿನ ಮುಕಾದಮನು "ನಾಳೆಯಿಂದ ಬರಬೇಡ" ಎನ್ನುವನು. ಒಂದು ಆಪತ್ತು ಇನ್ನೊಂದರ ಕೈಹಿಡಿದು ಮನೆಯೊಳಗೆ ಕರೆತರುವದು ಹೀಗೆ. ಖೋಲಿಯ ಬಾಡಿಗೆ ನಿಲ್ಲುವದಿಲ್ಲ, ಕಿರಾಣಿಯ ಉದ್ರಿ ನಿಲ್ಲುವದಿಲ್ಲ; ಪಗಾರ ಮಾತ್ರ ನಿಲ್ಲುವದು. ಆಗ ಆ ಮನೆಗೆ ಉಳಿಯುವವನು ದೇವರೊಬ್ಬನೇ. ಗಾಣಗಾಪುರದ ದತ್ತನಿಗೆ, ಕಲಬುರ್ಗಿಯ ಶರಣಬಸಪ್ಪನಿಗೆ, ಬಂದೇನವಾಜರ ದರ್ಗಾಕ್ಕೆ ತಾಯಿ ಸೆರಗೊಡ್ಡುವಳು, ಹರಕೆ ಹೊರುವಳು.

ಈ ನಂಬಿಕೆಯನ್ನು ಹಗುರಾಗಿ ಕಾಣುವವರು ನಾವಲ್ಲ. ಊರು ದೂರವಾಗಿ, ಭಾಷೆ ಬೇರೆಯಾಗಿ, ಕೈ ಬರಿದಾದ ರಾತ್ರಿಯಲ್ಲಿ ಗಂಡಹೆಂಡಿರು ಒಬ್ಬರನ್ನೊಬ್ಬರು ಹಳಿಯದೆ ಕೂಸಿನ ಮಗ್ಗುಲಲ್ಲಿ ಎಚ್ಚರವಿರುವದಕ್ಕೆ ಅದು ಬಲ ಕೊಟ್ಟಿದೆ. ಎಷ್ಟೋ ಗಂಡಸರ ಕಾಲನ್ನು ಸೆರೆಯಂಗಡಿಯ ಬಾಗಿಲಿಂದ ಅದು ಹಿಂದಕ್ಕೆ ತಿರುಗಿಸಿದೆ. ಉಂಡ ಹೊಟ್ಟೆಯಿಂದ ಅದನ್ನು ನಗುವವರು ಆ ಮನೆಗೆ ಒಂದು ಸೇರು ಜೋಳವನ್ನೂ ಕೊಟ್ಟವರಲ್ಲ. ಆದರೆ ದೇವರಿಗೆ ಯಾವ ಭಾರವನ್ನು ಒಪ್ಪಿಸಬೇಕು, ಯಾವದನ್ನು ನಾವೇ ಹೊರಬೇಕು ಎಂಬ ವಿವೇಕ ನಂಬಿದವರಿಗೂ ಬೇಕು.

ಮೊದಲು ರೋಗದ ಮಾತು. ಮೇಲೆ ಹೇಳಿದ ಲಕ್ಷಣಗಳು ಕಂಡರೆ ಕ್ಷಯದ ತಪಾಸಣೆ ಮಾಡಿಸಲೇಬೇಕು. ಈ ರೋಗದ ಕ್ರಿಮಿಯನ್ನು ಡಾ. ರಾಬರ್ಟ್ ಕೋಖ್ 1882ರಲ್ಲಿಯೇ ತೋರಿಸಿಕೊಟ್ಟರು; ಇದು ಯಾರ ಪಾಪದ ಫಲವೂ ಅಲ್ಲ, ಯಾರ ದೃಷ್ಟಿಯೂ ಅಲ್ಲ. ಸರಕಾರಿ ದವಾಖಾನೆಗಳಲ್ಲಿ ಇದರ ತಪಾಸಣೆಯೂ ಔಷಧವೂ ಧರ್ಮಾರ್ಥ. ಚಿಕಿತ್ಸೆಯ ಕಾಲದಲ್ಲಿ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದರು; 2024ರ ನವೆಂಬರದಿಂದ ಅದನ್ನು 1,000 ರೂಪಾಯಿ ಮಾಡಿದ್ದಾರೆ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಔಷಧ. ಅಪಾಯವಿರುವದು ನಡುವಿನಲ್ಲಿ. ಎರಡು ತಿಂಗಳಾಗುವಷ್ಟರಲ್ಲಿ ಕೂಸು ಗೆಲುವಾಗುವದು, ಜ್ವರ ಇಳಿಯುವದು, ಆಟಕ್ಕೆ ಏಳುವದು. ಮನೆಯವರು ಹರಕೆ ಫಲಿಸಿತೆಂದು ಔಷಧ ನಿಲ್ಲಿಸಿ ಊರ ಹಾದಿ ಹಿಡಿಯುವರು. ಒಳಗೆ ಉಳಿದ ಕ್ರಿಮಿಗಳು ಮತ್ತೆ ತಲೆಯೆತ್ತುವವು. ಕೆಲವೊಮ್ಮೆ ಹಳೆಯ ಔಷಧಕ್ಕೆ ಜಗ್ಗದ ರೋಗವಾಗುವವು. ಚಿಕ್ಕ ಮಕ್ಕಳಿಗೆ ಈ ರೋಗ ಬಹುಮಟ್ಟಿಗೆ ಮನೆಯ ದೊಡ್ಡವರಿಂದಲೇ ತಗಲುವದಾದ್ದರಿಂದ ಎಲ್ಲರೂ ತಪಾಸಣೆ ಮಾಡಿಸಿಕೊಳ್ಳಬೇಕು. ಹರಕೆ ತೀರಿಸುವವರು ಆರನೆಯ ತಿಂಗಳು ಮುಗಿದ ಮೇಲೆ, ಸಾಲವಿಲ್ಲದೆ ತೀರಿಸಲಿ. ಸಾವಕಾರನ ಬಡ್ಡಿಯ ಹಣದಿಂದ ಎಡೆ ಇಡಿರೆಂದು ಯಾವ ದೇವರೂ ಕೇಳಿಲ್ಲ.

ಭಕ್ತಿ ಯಾವದು ಎಂಬುದಕ್ಕೆ ಈ ಪುಣೆಯ ನೆಲದಲ್ಲಿಯೇ ನಿದರ್ಶನವಿದೆ. 1897ರ ಪ್ಲೇಗಿನಲ್ಲಿ ಸಾವಿತ್ರೀಬಾಯಿ ಫುಲೆಯವರು ಮುಂಢವಾದ ಕೇರಿಯಿಂದ ರೋಗಿ ಹುಡುಗನೊಬ್ಬನನ್ನು ಬೆನ್ನ ಮೇಲೆ ಹೊತ್ತು, ಹಡಪಸರದ ಬಳಿ ಮಗ ಡಾ. ಯಶವಂತರು ನಡೆಸುತ್ತಿದ್ದ ದವಾಖಾನೆಗೆ ಮುಟ್ಟಿಸಿದರು. ಹುಡುಗ ಬದುಕಿದ. ರೋಗ ತಗಲಿದ ತಾಯಿ ಮಾರ್ಚ್ 10ರಂದು ತೀರಿಕೊಂಡರು. ಕೊಂಢವಾದಿಂದ ಆ ಜಾಗ ದೂರವೇನಲ್ಲ.

ಇನ್ನು ನೌಕರಿಯ ಮಾತು. ರೋಗ ಯಾರ ಅಪ್ಪಣೆ ಕೇಳಿಯೂ ಬರುವದಿಲ್ಲ. ನೌಕರಿ ಹೋಗುವದು ಮಾತ್ರ ಒಬ್ಬ ಮನುಷ್ಯನ ಅಪ್ಪಣೆಯಿಂದ. ಅದನ್ನು "ದೈವೇಚ್ಛೆ" ಎಂದು ಹಣೆಗೆ ಒತ್ತಿಕೊಳ್ಳುವದು ದೇವರ ಮೇಲೆ ಇಲ್ಲದ ಅಪವಾದ ಹೊರಿಸಿದಂತೆ. ಒಂದು ವರುಷ ಸತತವಾಗಿ ದುಡಿದ ಕಾರ್ಮಿಕನನ್ನು ಕಡಿಮೆ ಮಾಡಬೇಕಾದರೆ ಒಂದು ತಿಂಗಳ ನೋಟೀಸು ಇಲ್ಲವೇ ಅದರ ಪಗಾರ, ಮತ್ತು ದುಡಿದ ಪ್ರತಿ ವರುಷಕ್ಕೆ 15 ದಿನಗಳ ಪಗಾರದ ಪರಿಹಾರ ಸಲ್ಲಬೇಕು. 1947ರ ಕೈಗಾರಿಕಾ ವಿವಾದಗಳ ಕಾಯಿದೆಯಲ್ಲಿದ್ದ ಈ ತತ್ತ್ವವು 2025ರ ನವೆಂಬರ 21ರಂದು ಜಾರಿಗೆ ಬಂದ ಹೊಸ ಸಂಹಿತೆಯಲ್ಲಿಯೂ ಉಳಿದಿದೆ. ನಾಲ್ಕು ವರುಷ ದುಡಿದವನಿಗೆ ಇದು ಸುಮಾರು ಎರಡು ತಿಂಗಳ ಪಗಾರವಾಯಿತು. ಕೂಸಿನ ಹಾಲಿಗೂ ಖೋಲಿಯ ಬಾಡಿಗೆಗೂ ಅಷ್ಟು ಸಣ್ಣ ಹಣವಲ್ಲ.

ಪಗಾರದಿಂದ ಇ.ಎಸ್.ಐ. ಹಣ ಕಡಿತವಾಗುತ್ತಿದ್ದವರು ಇನ್ನೊಂದು ಮಾತು ನೆನಪಿಡಬೇಕು. ನೌಕರಿ ಹೋದ ದಿನವೇ ಆ ಕಾರ್ಡು ಸತ್ತುಹೋಗುವದಿಲ್ಲ. ಎಪ್ರಿಲದಿಂದ ಸಪ್ಟಂಬರದ ವರೆಗೆ ಕಟ್ಟಿದ ವಂತಿಗೆಯ ಫಲ ಮುಂದಿನ ಜಾನೆವಾರಿಯಿಂದ ಜೂನದ ವರೆಗೆ ದೊರೆಯುವಂಥ ಏರ್ಪಾಡು ಅದರಲ್ಲಿದೆ. ಆದ್ದರಿಂದ ಕಾರ್ಡನ್ನು ಪೆಟ್ಟಿಗೆಯ ತಳಕ್ಕೆ ಹಾಕದೆ ಬಿಬವೇವಾಡಿಯ ಇ.ಎಸ್.ಐ. ಆಸ್ಪತ್ರೆಗೆ ಒಯ್ದು ವಿಚಾರಿಸಬೇಕು. ಕೆಲಸ ಕಳೆದುಕೊಂಡ ವಿಮಾದಾರರಿಗೆ ಗರಿಷ್ಠ 90 ದಿನ ಭತ್ಯೆ ಕೊಡುವ ಯೋಜನೆಯೊಂದು 2018ರಲ್ಲಿ ಬಂದು, 2020ರಲ್ಲಿ ಭತ್ಯೆ ಸರಾಸರಿ ಕೂಲಿಯ ಶೇಕಡಾ 25ರಿಂದ 50ಕ್ಕೆ ಏರಿತು. ಅದರ ಅವಧಿಯನ್ನು ಕಾಲಕಾಲಕ್ಕೆ ಬೆಳೆಸುತ್ತ ಬಂದಿರುವರಾದ್ದರಿಂದ ಅರ್ಜಿಗೆ ಮೊದಲು ಶಾಖಾ ಕಚೇರಿಯಲ್ಲಿ ಕೇಳಿ ತಿಳಿಯಬೇಕು.

ಕಟ್ಟಡದ ಕೆಲಸಗಾರರ ಪಾಡು ಬೇರೆ. 2019ರ ಜೂನ 29ರ ನಡುರಾತ್ರಿ ಇದೇ ಕೊಂಢವಾದಲ್ಲಿ ಆವರಣದ ಗೋಡೆ ಕುಸಿದು, ಕೆಳಗಿನ ಜೋಪಡಿಗಳಲ್ಲಿ ಮಲಗಿದ್ದ 15 ಜನ ಸತ್ತರು. ಅವರಲ್ಲಿ ಮಕ್ಕಳೂ ಇದ್ದರು. ಅವರು ಬಿಹಾರದ ಕೂಲಿಕಾರರು. ನಮ್ಮಂತೆಯೇ ಊರು ಬಿಟ್ಟು ಬಂದವರು. ವರುಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ 18ರಿಂದ 60 ವಯಸ್ಸಿನವರು ಕಲ್ಯಾಣ ಮಂಡಳದಲ್ಲಿ ಹೆಸರು ಬರೆಸಬಹುದು. ಕಟ್ಟಡದ ವೆಚ್ಚದ ಮೇಲೆ ವಸೂಲಾಗುವ ಕರದ ಹಣ ಇವರದೇ. ಹೆಸರು ಬರೆಸದವನಿಗೆ ಅದರಲ್ಲಿ ಕಾಸೂ ಮುಟ್ಟುವದಿಲ್ಲ.

ಆದರೆ ಕಾಯಿದೆಯ ಪುಸ್ತಕ ತಾನಾಗಿ ನಡೆದು ಖೋಲಿಗೆ ಬರುವದಿಲ್ಲ. ಮರಾಠಿ ಬಾರದ ತಾಯಿ ದವಾಖಾನೆಯ ಯಾವ ಖಿಡಕಿಗೆ ನಿಲ್ಲಬೇಕೆಂದು ತಿಳಿಯದೆ ಹಿಂದಿರುಗುವಳು. ಅಕ್ಷರ ಬಾರದ ತಂದೆ ಓದದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಹಕ್ಕು ಕಳೆದುಕೊಳ್ಳುವನು. ಸಂಘವಿರುವದು ಈ ಎರಡು ಕಡೆ ಮಗ್ಗುಲಿಗೆ ನಿಲ್ಲುವದಕ್ಕೆ. ಆದ್ದರಿಂದ ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೇ: ನಿಮ್ಮ ಸಾಲಿನ ಖೋಲಿಯಲ್ಲಿ ಕೂಸು ಮಲಗಿದೆಯೆಂದು ತಿಳಿದರೆ ಒಂದು ಹೊತ್ತಿನ ಕೆಲಸ ಬಿಟ್ಟಾದರೂ ಆ ತಾಯಿಯ ಜತೆಗೆ ದವಾಖಾನೆಗೆ ಹೋಗಿರಿ. ಕೆಲಸ ಹೋದವನಿಗೆ, ಸಂಘದವರಿಗೆ ತೋರಿಸದೆ ಯಾವ ಕಾಗದಕ್ಕೂ ಸಹಿ ಮಾಡಬೇಡವೆಂದು ಹೇಳಿರಿ. ಆರು ತಿಂಗಳು ಔಷಧ ತಪ್ಪದಂತೆ ವಾರಕ್ಕೊಮ್ಮೆ ಕೇಳಿರಿ. ದೀಪ ಹಚ್ಚುವ ಕೆಲಸ ಆ ಮನೆಯವರದು, ಅದನ್ನು ಅವರು ನಡೆಸಿಕೊಂಡು ಹೋಗುವರು. ಉಳಿದದ್ದು ನಮ್ಮದು.